ಕ್ಯಾಸೆಟ್ಟಿನ ಚಿತ್ರಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸುವ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸ್ಟುಡಿಯೋಗಳಲ್ಲಿಯೂ ವರ್ತಕರ ಮನೆಗಳಲ್ಲಿಯೂ ಮೊಬೈಲ್ ಫೋನಿನ ಕಾಲಕ್ಕೆ ಮುಂಚಿನ ವಿಡಿಯೋ ಕ್ಯಾಸೆಟ್ಟುಗಳು ಇಂದಿಗೂ ಬೀರುವಿನಲ್ಲಿ ಉಳಿದಿವೆ. ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲದೆ ಅಂಗಡಿಯ ಪ್ರಾರಂಭೋತ್ಸವ, ಎಣ್ಣೆ ಗಿರಣಿಯ ಆಯುಧಪೂಜೆಯಂತಹ ವ್ಯಾಪಾರದ ದಿನಗಳೂ ಅವುಗಳಲ್ಲಿ ದಾಖಲಾಗಿವೆ. ಬೆಂಗಳೂರು–ಪುಣೆ ಹೆದ್ದಾರಿ ಚತುಷ್ಪಥವಾಗುವ ಮುನ್ನಿನ ಶಿರಾ ಹೇಗಿತ್ತೆಂಬುದನ್ನು ಹೊಸ ತಲೆಮಾರು ಇಂತಹ ಚಿತ್ರಗಳಲ್ಲಿಯೇ ನೋಡಬೇಕು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ 2018ರಲ್ಲಿ ಉದ್ಘಾಟನೆಗೊಂಡು, 2019ರಲ್ಲಿ ಪೂರ್ಣಗೊಂಡಿತು. ಅಲ್ಲಿನ ಹೊಲಗಳ ಹಳೆಯ ನೋಟವನ್ನು ಮತ್ತೆ ಚಿತ್ರಿಸಲು ಸಾಧ್ಯವಿಲ್ಲ.

ಕ್ಯಾಸೆಟ್ಟಿಗಿಂತ ಮೊದಲು ಕಣ್ಮರೆಯಾಗುವುದು ಅದನ್ನು ಓಡಿಸುವ ಯಂತ್ರ ಎಂಬುದನ್ನು ಗಮನಿಸಬೇಕು. ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಟೇಪಿನ ಕ್ಯಾಮ್‌ಕಾರ್ಡರುಗಳ ಬಿಡಿಭಾಗಗಳೂ ಇಂದು ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಚಾಲನೆಯಲ್ಲಿರುವ ಕ್ಯಾಮೆರಾ ಕೈಯಲ್ಲಿರುವಾಗಲೇ ವರ್ಗಾವಣೆಯನ್ನು ಮುಗಿಸುವುದು ವಿವೇಕ.

ಕ್ಯಾಸೆಟ್ಟಿನ ಬಗೆ

ಮೊದಲ ಕೆಲಸ ಕ್ಯಾಸೆಟ್ಟುಗಳ ವಿಂಗಡಣೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿವಿ 1995ರಲ್ಲಿ ಬಂದಿತು. ಇದರಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿಯೇ ದಾಖಲಾಗಿರುತ್ತದೆ. ಇದಕ್ಕಿಂತ ದೊಡ್ಡದಾದ ವಿಡಿಯೋ 8 ಮತ್ತು ಹೈ 8 ಕ್ಯಾಸೆಟ್ಟುಗಳಲ್ಲಿಯೂ, ವಿ.ಎಚ್.ಎಸ್. ಮತ್ತು ಅದರ ಚಿಕ್ಕ ರೂಪವಾದ ವಿ.ಎಚ್.ಎಸ್.-ಸಿ ಕ್ಯಾಸೆಟ್ಟುಗಳಲ್ಲಿಯೂ ಇರುವುದು ಅನಲಾಗ್ ಸಂಕೇತ. ವಿ.ಎಚ್.ಎಸ್.-ಸಿ ಕ್ಯಾಸೆಟ್ಟನ್ನು ಅಡಾಪ್ಟರಿನಲ್ಲಿಟ್ಟು ಸಾಮಾನ್ಯ ವಿ.ಸಿ.ಆರ್.ನಲ್ಲಿ ಓಡಿಸಬಹುದು. ವಿಡಿಯೋ 8 ಕ್ಯಾಸೆಟ್ಟಿಗೆ ಇಂತಹ ಅನುಕೂಲವಿಲ್ಲ. ಅದೇ ಬಗೆಯ ಯಂತ್ರವೇ ಬೇಕು.

ತಂತಿಯ ಆಯ್ಕೆ

ಮಿನಿ ಡಿವಿ ಕ್ಯಾಮೆರಾದಿಂದ ವರ್ಗಾಯಿಸಲು ಫೈರ್‌ವೈರ್ ತಂತಿಯೇ ಉತ್ತಮ ಮಾರ್ಗ. ಸೋನಿ ಕ್ಯಾಮೆರಾಗಳ ಮೇಲೆ ಇದಕ್ಕೆ ಐ-ಲಿಂಕ್ ಎಂಬ ಹೆಸರಿರುತ್ತದೆ. ಈ ಮಾರ್ಗದಲ್ಲಿ ಟೇಪಿನ ದತ್ತಾಂಶವು ಇದ್ದಂತೆಯೇ ನಕಲಾಗುವುದರಿಂದ ಗುಣಮಟ್ಟ ಕುಂದುವುದಿಲ್ಲ. ಅದೇ ಕ್ಯಾಮೆರಾದ ಯು.ಎಸ್.ಬಿ. ಕಿಂಡಿಯು ಹಲವು ಮಾದರಿಗಳಲ್ಲಿ ಮೆಮೊರಿ ಕಾರ್ಡಿನ ಸ್ಥಿರಚಿತ್ರಗಳಿಗೆ ಅಥವಾ ಕಡಿಮೆ ಗುಣಮಟ್ಟದ ಚಲನಚಿತ್ರಕ್ಕೆ ಮಾತ್ರ ಮೀಸಲು. ಸ್ಟುಡಿಯೋದ ಮೂಲೆ ಸೇರಿರುವ ಹಳೆಯ ಗಣಕಯಂತ್ರದಲ್ಲಿ ಫೈರ್‌ವೈರ್ ಕಿಂಡಿಯಿದ್ದಲ್ಲಿ ಅದನ್ನು ಗುಜರಿಗೆ ಹಾಕದೆ ಈ ಕೆಲಸಕ್ಕೇ ಉಳಿಸಿಕೊಳ್ಳುವುದು ಲಾಭಕರ. ಇಲ್ಲವಾದಲ್ಲಿ ಡೆಸ್ಕ್‌ಟಾಪ್ ಯಂತ್ರಕ್ಕೆ ಫೈರ್‌ವೈರ್ ಕಾರ್ಡನ್ನು ಜೋಡಿಸಬೇಕು. ಒಂದು ತುದಿಯಲ್ಲಿ ಫೈರ್‌ವೈರ್, ಮತ್ತೊಂದು ತುದಿಯಲ್ಲಿ ಯು.ಎಸ್.ಬಿ. ಪ್ಲಗ್ ಇರುವ ಅಗ್ಗದ ತಂತಿಗಳು ಮಾರಾಟಕ್ಕಿವೆ. ಎರಡು ವ್ಯವಸ್ಥೆಗಳ ಸಂಕೇತಗಳೇ ಬೇರೆಯಾದುದರಿಂದ, ಪ್ಲಗ್ಗಿನ ಆಕಾರವನ್ನು ಮಾತ್ರ ಬದಲಿಸುವ ಇಂತಹ ತಂತಿಯಿಂದ ಚಿತ್ರ ಬಾರದು. ವರ್ತಕರು ಅದನ್ನು ಕೊಳ್ಳುವುದೂ ಮಾರುವುದೂ ನಷ್ಟವೇ.

ಅನಲಾಗ್ ಕ್ಯಾಸೆಟ್ಟುಗಳಿಗೆ ಹಳದಿ, ಬಿಳಿ, ಕೆಂಪು ಬಣ್ಣದ ತಂತಿಗಳನ್ನು ಕ್ಯಾಪ್ಚರ್ ಸಾಧನದ ಮೂಲಕ ಗಣಕಯಂತ್ರಕ್ಕೆ ಜೋಡಿಸಬೇಕಾಗುತ್ತದೆ. ಯಂತ್ರದಲ್ಲಿ ಎಸ್-ವಿಡಿಯೋ ಕಿಂಡಿಯಿದ್ದಲ್ಲಿ ಹಳದಿ ತಂತಿಯ ಬದಲು ಅದನ್ನು ಬಳಸಿದರೆ ಚಿತ್ರ ಹೆಚ್ಚು ಸ್ಪಷ್ಟವಾಗಿರುತ್ತದೆ. ಭಾರತದ ಕ್ಯಾಸೆಟ್ಟುಗಳು ಸಾಮಾನ್ಯವಾಗಿ ಪಾಲ್ ಪದ್ಧತಿಯವು. ತಂತ್ರಾಂಶದಲ್ಲಿಯೂ ಪಾಲ್, ಅಂದರೆ ಸೆಕೆಂಡಿಗೆ 25 ಚೌಕಟ್ಟುಗಳನ್ನೇ ಆರಿಸಬೇಕು.

ಕಾಲ ಮತ್ತು ಸ್ಥಳದ ಲೆಕ್ಕ

ಟೇಪಿನ ವರ್ಗಾವಣೆಗೆ ಅಡ್ಡದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಒಂದು ಗಂಟೆ ಓಡಲೇಬೇಕು. ಸುತ್ತುವುದು, ಪರಿಶೀಲಿಸುವುದು, ಹೆಸರಿಡುವುದು ಸೇರಿ ಕ್ಯಾಸೆಟ್ಟೊಂದಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಂಡರೆ, ಎಂಟು ಗಂಟೆಯ ದಿನದಲ್ಲಿ ಐದು ಕ್ಯಾಸೆಟ್ಟುಗಳು ಮುಗಿಯುತ್ತವೆ. ನೂರು ಕ್ಯಾಸೆಟ್ಟುಗಳಿರುವ ಸ್ಟುಡಿಯೋಗೆ ಒಂದೇ ಕ್ಯಾಮೆರಾದಿಂದ ಇಪ್ಪತ್ತು ದಿನಗಳ ಕೆಲಸ.

ಡಿವಿ ದತ್ತಾಂಶವು ಸೆಕೆಂಡಿಗೆ ಸುಮಾರು 3.6 ಮೆಗಾಬೈಟಿನಂತೆ ಹರಿಯುತ್ತದೆ. ಗಂಟೆಗೆ ಇದು ಸುಮಾರು 13 ಗಿಗಾಬೈಟ್ ಆಗುತ್ತದೆ. ಮೂರು ಕ್ಯಾಸೆಟ್ಟುಗಳ ಮದುವೆಗೆ 39 ಗಿಗಾಬೈಟ್, ನೂರು ಕ್ಯಾಸೆಟ್ಟುಗಳಿಗೆ 1,300 ಗಿಗಾಬೈಟ್ ಸ್ಥಳ ಬೇಕು. ಎರಡು ಟೆರಾಬೈಟಿನ ಹಾರ್ಡ್ ಡಿಸ್ಕ್ ಒಂದು ಪ್ರತಿಗೆ ಸಾಕು. ಆದರೆ ಡಿಸ್ಕ್ ಕೆಡುವ ವಸ್ತುವಾದುದರಿಂದ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡುವುದು ಕ್ಷೇಮ. ಡಿಸ್ಕ್ ಫ್ಯಾಟ್ 32 ಪದ್ಧತಿಯದಾಗಿದ್ದರೆ ಒಂದು ಕಡತ 4 ಗಿಗಾಬೈಟನ್ನು ಮೀರಲಾರದು. ಸುಮಾರು 19 ನಿಮಿಷಕ್ಕೇ ವರ್ಗಾವಣೆ ನಿಂತುಹೋಗಬಹುದು. ಡಿಸ್ಕನ್ನು ಮೊದಲೇ ಎನ್.ಟಿ.ಎಫ್.ಎಸ್. ಪದ್ಧತಿಗೆ ಸಿದ್ಧಗೊಳಿಸಿದರೆ ಈ ತೊಡಕಿಲ್ಲ.

ಎಚ್ಚರಿಕೆಯ ಕ್ರಮಗಳು

ಫೈರ್‌ವೈರ್ ತಂತಿಯನ್ನು ಎರಡೂ ಯಂತ್ರಗಳನ್ನು ಆರಿಸಿದ ನಂತರವೇ ಜೋಡಿಸಬೇಕು. ಆರು ಪಿನ್ನಿನ ಪ್ಲಗ್ಗನ್ನು ತಿರುಗುಮುರುಗಾಗಿ ಒತ್ತಿ ತೂರಿಸಿದರೆ ಕ್ಯಾಮೆರಾದ ಕಿಂಡಿ ಸುಟ್ಟುಹೋಗುವ ಸಂಭವವಿದೆ. ಬಹುಕಾಲ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಬಿಗಿ ಸರಿಪಡಿಸಬೇಕು. ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡಲ್ಲಿ ಅದನ್ನು ಓಡಿಸಲೇಬಾರದು. ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಎಲ್.ಪಿ. ವೇಗದಲ್ಲಿ ದಾಖಲಾದ ಮಿನಿ ಡಿವಿ ಟೇಪು ಬೇರೆ ಕ್ಯಾಮೆರಾದಲ್ಲಿ ಚೌಕಚೌಕವಾಗಿ ಒಡೆದು ಕಾಣಿಸಬಹುದು. ಆಗ ಅದನ್ನು ದಾಖಲಿಸಿದ ಕ್ಯಾಮೆರಾವನ್ನೇ ಹುಡುಕುವುದು ಒಳಿತು. ವಿದ್ಯುತ್ ಕಡಿತದಿಂದ ಕಡತ ಕೆಡದಂತೆ ಯು.ಪಿ.ಎಸ್. ಇರಬೇಕು, ವರ್ಗಾವಣೆ ನಡೆಯುವಾಗ ಬೇರೆ ತಂತ್ರಾಂಶಗಳನ್ನು ಮುಚ್ಚಿರಬೇಕು.

ಟೇಪಿನ ನಂತರ ಬಂದ ಕ್ಯಾಮೆರಾಗಳ ವಿಷಯದಲ್ಲಿ ಕ್ರಮ ಬೇರೆ. ಡಿವಿಡಿ ಕ್ಯಾಮೆರಾದ ತಟ್ಟೆಯನ್ನು ಅದೇ ಕ್ಯಾಮೆರಾದಲ್ಲಿ ಫೈನಲೈಸ್ ಮಾಡದಿದ್ದಲ್ಲಿ ಗಣಕಯಂತ್ರಕ್ಕೆ ಅದನ್ನು ಓದಲಾಗದಿರಬಹುದು. ಮೆಮೊರಿ ಕಾರ್ಡಿನ ಎ.ವಿ.ಸಿ.ಎಚ್.ಡಿ. ಕ್ಯಾಮೆರಾದಿಂದ ಬಿಡಿ ಕಡತಗಳನ್ನು ಆರಿಸದೆ ಇಡೀ ಫೋಲ್ಡರನ್ನು ನಕಲಿಸಬೇಕು.

ಸೇವೆಯಾಗಿ ವರ್ಗಾವಣೆ

ಇದನ್ನು ಉಪವೃತ್ತಿಯಾಗಿ ಕೈಗೊಳ್ಳುವ ಸ್ಟುಡಿಯೋ ಅಥವಾ ಗಣಕಯಂತ್ರ ಅಂಗಡಿಯವರು ದರವನ್ನು ಕ್ಯಾಸೆಟ್ಟಿನ ಸಂಖ್ಯೆಯ ಮೇಲಲ್ಲದೆ ಚಿತ್ರದ ಅವಧಿಯ ಮೇಲೆ ನಿಗದಿಪಡಿಸುವುದು ನ್ಯಾಯಯುತ. ಕೆಲಸಗಾರನ ವೇಳೆ, ಯಂತ್ರದ ಸವಕಳಿ, ಡಿಸ್ಕಿನ ಬೆಲೆ ಈ ಮೂರೂ ಲೆಕ್ಕಕ್ಕೆ ಸೇರಬೇಕು. ಟೇಪಿನಲ್ಲಿ ಮೊದಲೇ ಇರುವ ದೋಷಗಳನ್ನು ಗ್ರಾಹಕರ ಎದುರಿಗೆ ನೋಡಿ ರಸೀದಿಯಲ್ಲಿ ಬರೆದರೆ ಮುಂದೆ ವ್ಯಾಜ್ಯಕ್ಕೆ ಎಡೆಯಿರುವುದಿಲ್ಲ. ಮೊಬೈಲಿನಲ್ಲಿ ನೋಡಲು ಚಿಕ್ಕ ಎಂಪಿ4 ಕಡತವನ್ನು ಮಾಡಿಕೊಟ್ಟರೂ, ಮೂಲ ಡಿವಿ ಕಡತವನ್ನೂ ಗ್ರಾಹಕರಿಗೆ ಒಪ್ಪಿಸತಕ್ಕದ್ದು. ಚಿಕ್ಕದು ಮಾಡುವಾಗ ಕಳೆದ ವಿವರ ಮರಳಿ ಬಾರದು. ಅನುಮತಿಯಿಲ್ಲದೆ ಅನ್ಯರ ಕುಟುಂಬದ ಚಿತ್ರಗಳನ್ನು ಅಂಗಡಿಯ ಪ್ರಚಾರಕ್ಕೆ ಬಳಸಬಾರದು.

ಕೆಲಸ ಮುಗಿದ ಮೇಲೆಯೂ ಕ್ಯಾಸೆಟ್ಟುಗಳನ್ನು ಎಸೆಯದೆ, ಪೂರ್ತಿ ಸುತ್ತಿ, ತಂಪಾದ ಒಣ ಸ್ಥಳದಲ್ಲಿ ನೇರವಾಗಿ ನಿಲ್ಲಿಸಿಡಬೇಕು. ಪ್ರತಿ ಕಡತಕ್ಕೂ ವರ್ಷ, ಊರು, ಸಂದರ್ಭ ಸೂಚಿಸುವ ಹೆಸರಿಡಬೇಕು. ಚಿತ್ರದಲ್ಲಿರುವ ಹಿರಿಯರನ್ನು ಗುರುತಿಸಬಲ್ಲವರು ಮನೆಯಲ್ಲಿರುವಾಗಲೇ ಅವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ.