ಮೊದಲು ಸೈಟು, ಆಮೇಲೆ ಸಾಫ್ಟ್‌ವೇರ್

ಕಟ್ಟಡ ಕಾಮಗಾರಿಯ ಪ್ಲಾನಿಂಗ್ ಎಂಜಿನಿಯರ್ ಆಗುವ ಆಸೆಯಿದೆಯೇ? ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಮುಗಿದ ಕೂಡಲೇ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ಪ್ರೈಮಾವೆರಾ ಕಲಿಯಲು ಓಡಬೇಡಿ. ಮೊದಲು ಒಂದೆರಡು ವರ್ಷ ಸೈಟಿನಲ್ಲಿ ದುಡಿಯಿರಿ. ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು ದಿನಕ್ಕೆ ಎಷ್ಟು ಕೆಲಸ ಮುಗಿಸುತ್ತಾರೆಂದು ಬರೆದಿಟ್ಟುಕೊಳ್ಳಿ. ಸಂಶಯ ಬಂದರೆ ಮೇಸ್ತ್ರಿಯನ್ನು ಕೇಳಿ.

ವೇಳಾಪಟ್ಟಿ ಹಾಕಲು ನಿಯಮಗಳೂ ಗೊತ್ತಿರಬೇಕು. ಉದಾಹರಣೆಗೆ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ, ಸಾಮಾನ್ಯ ಸಿಮೆಂಟ್ ಬಳಸಿದ 4.5 ಮೀಟರ್‌ವರೆಗಿನ ಹರವಿನ ಸ್ಲ್ಯಾಬಿಗೆ ಕೊಟ್ಟ ಆಸರೆಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡ ಹರವಾದರೆ 14 ದಿನ ತೆಗೆಯದೆ ಬಿಡಬೇಕು. ಮಾಲೀಕರ ಅವಸರಕ್ಕೆ ಮಣಿದು ಇಂಥ ದಿನಗಳಿಗೆ ಕತ್ತರಿ ಹಾಕಿದರೆ ಪ್ರಾಣಕ್ಕೇ ಅಪಾಯ.

ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡವೇ ತಡವಾಗುತ್ತದೆ ಎಂಬುದನ್ನು ಗುರುತಿಸುವುದೇ ಈ ವೃತ್ತಿಯ ಜೀವಾಳ. ಅದು ಕೈಹತ್ತಿದರೆ ಸಾಫ್ಟ್‌ವೇರ್ ಕಷ್ಟವಲ್ಲ. ಆಗದ ದಿನಾಂಕವನ್ನು ವೇಳಾಪಟ್ಟಿಯಲ್ಲಿ ಎಂದೂ ಬರೆಯಬೇಡಿ; ನಿಮ್ಮ ಮಾತಿಗೆ ಬೆಲೆ ಬರುವುದು ಅದರಿಂದಲೇ.