ಬಾಗಿಲಿಗೆ ಬೀಗ ಬಿದ್ದಿದ್ದು ಮಾಲೀಕರಿಗೆ ಗೊತ್ತಿತ್ತೇ?

1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಗಾರ್ಮೆಂಟ್ಸ್ ಕಾರ್ಖಾನೆಯ ಎಂಟನೇ ಮಹಡಿಯಲ್ಲಿ ಹೊತ್ತಿದ ಬೆಂಕಿ ಮೇಲಿನೆರಡು ಮಹಡಿಗಳಿಗೂ ಹಬ್ಬಿತು. ಒಂಬತ್ತನೇ ಮಹಡಿಯಲ್ಲಿ ಹೊರಹೋಗುವ ಒಂದು ಬಾಗಿಲಿಗೆ ಬೀಗ. ಕಬ್ಬಿಣದ ಹೊರಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಅಷ್ಟೆತ್ತರ ಮುಟ್ಟಲೇ ಇಲ್ಲ. 146 ಮಂದಿ ಸತ್ತರು. ಹೆಚ್ಚಿನವರು ಯುರೋಪಿನಿಂದ ವಲಸೆ ಬಂದ ಹೆಣ್ಣುಮಕ್ಕಳು.

ಅದೇ ಡಿಸೆಂಬರಿನಲ್ಲಿ ಇಬ್ಬರು ಮಾಲೀಕರೂ ಖುಲಾಸೆಯಾದರು. ಬಾಗಿಲಿಗೆ ಬೀಗ ಇದ್ದರೆ ಸಾಲದು, ಆ ಹೊತ್ತಿನಲ್ಲಿ ಬೀಗ ಇದ್ದದ್ದು ಮಾಲೀಕರಿಗೆ ತಿಳಿದಿತ್ತು ಎಂಬುದೂ ಸಾಬೀತಾಗಬೇಕು ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದರು. ಮುಂದೆ 1914ರಲ್ಲಿ ಸಿವಿಲ್ ದಾವೆಗಳು ರಾಜಿಯಾದಾಗ ಒಂದು ಜೀವಕ್ಕೆ ಸಿಕ್ಕಿದ್ದು 75 ಡಾಲರ್. ಇತ್ತ, ಬೆಂಕಿಯ ದುರಂತ ಕಂಡು ರೊಚ್ಚಿಗೆದ್ದ ಜನರ ಒತ್ತಡಕ್ಕೆ ನ್ಯೂಯಾರ್ಕ್ ರಾಜ್ಯ 1911ರಲ್ಲೇ ತನಿಖಾ ಆಯೋಗ ನೇಮಿಸಿ, ಮುಂದೆ ಬೆಂಕಿ ಅಣಕು ಕವಾಯತು, ನೀರು ಚಿಮ್ಮುವ ಸ್ಪ್ರಿಂಕ್ಲರ್ ಮುಂತಾದವನ್ನು ಕಾನೂನಾಗಿಸಿತು.

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಅಕ್ಕತಂಗಿಯರು ಆ ತೀರ್ಪನ್ನು ನೆನಪಿಡಬೇಕು. ಮಾಲೀಕರಿಗೆ ಗೊತ್ತಿರಲಿಲ್ಲ ಎಂಬ ನೆಪಕ್ಕೆ ಜಾಗ ಕೊಡಬಾರದೆಂದರೆ, ಗೊತ್ತು ಮಾಡಿಸಿದ್ದಕ್ಕೆ ಕಾಗದ ಇರಬೇಕು.

1948ರ ಕಾರ್ಖಾನೆಗಳ ಕಾಯ್ದೆಯ 38ನೇ ಕಲಂ ಬೆಂಕಿ ಬಿದ್ದಾಗ ಸುರಕ್ಷಿತವಾಗಿ ಪಾರಾಗುವ ದಾರಿಯನ್ನು ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಬಂದಿದೆ. ಅದರ 14ನೇ ಕಲಂ ಓದಿಕೊಳ್ಳಿ. ಸುರಕ್ಷತೆಯ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವುದು ನಿಮ್ಮ ಹಕ್ಕು. ಜೀವಕ್ಕೆ ಅಪಾಯವಿದೆ ಎಂಬ ನ್ಯಾಯವಾದ ಅಂಜಿಕೆ ಇದ್ದರೆ ನೇರವಾಗಿ ಇಲ್ಲವೇ ಸುರಕ್ಷತಾ ಸಮಿತಿಯ ಮೂಲಕ ಮಾಲೀಕರಿಗೆ ತಿಳಿಸಬಹುದು, ಜೊತೆಗೇ ಸರ್ಕಾರದ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಮಾಲೀಕರು ಒಪ್ಪಿದರೆ ತಕ್ಷಣ ಸರಿಪಡಿಸಬೇಕು. ಅಪಾಯವೇ ಇಲ್ಲ ಎಂದರೂ ಸುಮ್ಮನಿರುವಂತಿಲ್ಲ, ವಿಷಯವನ್ನು ಇನ್‌ಸ್ಪೆಕ್ಟರಿಗೆ ಒಪ್ಪಿಸಲೇಬೇಕು. ಅಲ್ಲಿನ ತೀರ್ಮಾನವೇ ಅಂತಿಮ.

ದೂರು ಉದ್ದವಿರಬೇಕಿಲ್ಲ. ಯಾವ ಮಹಡಿ, ಯಾವ ಬಾಗಿಲು, ಎಂದಿನಿಂದ ಬೀಗ ಅಥವಾ ಬಟ್ಟೆಯ ಬಂಡಲ್ಲು ಅಡ್ಡವಾಗಿದೆ, ಇಷ್ಟು ಸಾಕು. ಒಬ್ಬರೇ ಸಹಿ ಹಾಕಲು ಭಯವಾಗುತ್ತದೆ, ಆ ಭಯ ಸುಳ್ಳಲ್ಲ. ಹಾಗಾಗಿ ಹತ್ತು ಜನ ಕೂಡಿ ಸಹಿ ಮಾಡಿ, ಇಲ್ಲವೇ ಯೂನಿಯನ್ ಮೂಲಕ ಕೊಡಿ. ಇನ್ನೊಂದು ಪ್ರತಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಉತ್ತರ ಬಾರದಿದ್ದರೆ ದೂರು ಏನಾಯಿತೆಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ಸ್ವೀಕೃತಿಯ ಸಹಿ, ತಾರೀಖು ಇರುವ ಪ್ರತಿಯನ್ನು ಕಾರ್ಖಾನೆಯ ಲಾಕರಿನಲ್ಲಿ ಇಡಬೇಡಿ, ಮನೆಯಲ್ಲಿಡಿ.