ಪರದೇಶದ ಬಾಗಿಲೂ ಅಂಕಪಟ್ಟಿಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಕೂಡಿದ ಕಡೆಯಲ್ಲಿ ಈಚೆಗೆ ‘ಪಿ.ಆರ್.’ ಎಂಬ ಎರಡಕ್ಷರದ ಮಾತು ಆಗಾಗ್ಗೆ ಕಿವಿಗೆ ಬೀಳುತ್ತದೆ. ಪರದೇಶವೊಂದರಲ್ಲಿ ಕಾಯಂ ಆಗಿ ನೆಲಸಿ ದುಡಿಯಲು ಆ ದೇಶದ ಸರ್ಕಾರ ಕೊಡುವ ಅನುಮತಿಗೆ ಈ ಹೆಸರು. ಅದು ಪೌರತ್ವವಲ್ಲ. ಕೆನಡಾದಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ಈ ಅನುಮತಿ ಪಡೆದು ನೆಲಸಿದ ನಮ್ಮವನು ಭಾರತದ ಪ್ರಜೆಯಾಗಿಯೇ ಉಳಿಯುತ್ತಾನೆ. ಅಲ್ಲಿಯ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಅವನಿಗೆ ಬರುವುದಿಲ್ಲ. ಈ ಅನುಮತಿಯನ್ನು ಅಂಕಗಳ ಮೇಲೆ ಕೊಡುತ್ತಾರೆಂಬುದನ್ನು ಎಲ್ಲರೂ ಬಲ್ಲರು. ಯಾವುದಕ್ಕೆ ಎಷ್ಟು ಅಂಕ, ಏತಕ್ಕಾಗಿ ಅಷ್ಟು, ಎಂಬುದನ್ನು ಬಲ್ಲವರು ವಿರಳ. ಬಲ್ಲವರಂತೆ ನಟಿಸಿ ಹಣ ಕೀಳುವವರಿಗೆ ಮಾತ್ರ ಕೊರತೆಯಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ಲೆಕ್ಕವನ್ನು ನಮ್ಮವರೊಬ್ಬರ ಮೇಲೆ ಹಚ್ಚಿ ನೋಡಲು ಇಲ್ಲಿ ಯತ್ನಿಸಿದ್ದೇನೆ.

ಅಂಕ ಹಾಕಿ ಅಳೆಯುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ ೨೦೦೨ರಲ್ಲಿ ರಾಜ್ಯದ ೧೭೫ ತಾಲ್ಲೂಕುಗಳನ್ನು ೩೫ ಸೂಚ್ಯಂಕಗಳಿಂದ ಅಳೆದು, ೧೧೪ ತಾಲ್ಲೂಕುಗಳು ಹಿಂದುಳಿದಿವೆಯೆಂದು ವರದಿಯಿತ್ತಿತು. ನಮ್ಮ ನಾಲ್ಕೂ ಅದರಲ್ಲಿ ಸೇರಿದ್ದುವು. ಆದರೆ ಆ ಅಂಕಕ್ಕೂ ಈ ಅಂಕಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಅಲ್ಲಿ ಕಡಮೆ ಅಂಕ ಬಂದ ಊರಿಗೆ ಹೆಚ್ಚು ನೆರವು ಸಲ್ಲಬೇಕೆಂಬುದು ಉದ್ದೇಶ. ವಲಸೆಯ ಲೆಕ್ಕದಲ್ಲಿ ಕಡಮೆ ಅಂಕದವನು ಹೊರಗೇ ನಿಲ್ಲಬೇಕು. ಗಣಿತ ಒಂದೇ, ಧರ್ಮ ಬೇರೆ. ಮಳೆ ಕೈಕೊಟ್ಟ ವರ್ಷ ಪಾವಗಡದ ಹಳ್ಳಿಗಳಿಂದ ಬೆಂಗಳೂರಿಗೆ ಹೊರಡುವ ಸಂಸಾರಗಳನ್ನು ಯಾರೂ ಅಂಕ ಕೇಳುವುದಿಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ, ನೆಲಸುವ ಹಕ್ಕನ್ನು ನಮ್ಮ ಸಂವಿಧಾನದ ೧೯ನೆಯ ವಿಧಿಯೇ ಕೊಟ್ಟಿದೆ. ಬಸ್ಸಿನ ಚೀಟಿಯೊಂದಿದ್ದರೆ ಸಾಕು. ಗಡಿ ದಾಟುವ ಮಾತು ಬಂದಾಗಲೇ ಮನುಷ್ಯನನ್ನು ತೂಗುವ ತಕ್ಕಡಿ ಹೊರಗೆ ಬರುತ್ತದೆ.

ಈ ತಕ್ಕಡಿ ಬರುವ ಮುನ್ನ ಇದ್ದದ್ದೇನು? ಬಣ್ಣ ಮತ್ತು ಕುಲ. ಆಸ್ಟ್ರೇಲಿಯಾ ೧೯೦೧ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಬೇಡವಾದವನನ್ನು ‘ನೀನು ಕರಿಯ’ ಎಂದು ಹೇಳಿ ಹಿಂದಕ್ಕೆ ಕಳಿಸುತ್ತಿರಲಿಲ್ಲ. ಅವನಿಗೆ ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ ೫೦ ಪದಗಳ ಉಕ್ತಲೇಖನ ಕೊಡುತ್ತಿದ್ದರು. ಭಾಷೆಯನ್ನು ಆರಿಸುವವನು ಅಧಿಕಾರಿ! ೧೯೩೪ರಲ್ಲಿ ಎಗೋನ್ ಕಿಶ್ ಎಂಬ ಬಹುಭಾಷಾಪಂಡಿತ ಪತ್ರಕರ್ತನು ಹಡಗಿನಿಂದಿಳಿದಾಗ, ಬೇರೆ ಭಾಷೆಗಳಲ್ಲಿ ಅವನು ತೇರ್ಗಡೆಯಾದಾನೆಂದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಯಿಸಿದರು. ಮೊಕದ್ದಮೆ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಕಾನೂನಿನ ಅರ್ಥದಲ್ಲಿ ಅದು ಯುರೋಪಿನ ಭಾಷೆಯೇ ಅಲ್ಲವೆಂದು ತೀರ್ಪಾಯಿತು. ಈ ಉಕ್ತಲೇಖನ ರದ್ದಾದದ್ದು ೧೯೫೮ರ ಕಾನೂನಿನಿಂದ. ಕೆನಡಾ ಸ್ವತಂತ್ರ ಭಾರತದೊಡನೆ ೧೯೫೧ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಹತ್ತಿರದ ಬಂಧುಗಳನ್ನು ಬಿಟ್ಟು ವರ್ಷಕ್ಕೆ ೧೫೦ ಮಂದಿ ಭಾರತೀಯರನ್ನು ಒಳಬಿಡುತ್ತಿತ್ತು. ೧೯೫೭ರಲ್ಲಿ ಅದು ೩೦೦ ಆಯಿತು. ಇಷ್ಟು ದೊಡ್ಡ ದೇಶಕ್ಕೆ ಇಷ್ಟು!

೧೯೬೭ರ ಅಕ್ಟೋಬರ್ ೧ರಂದು ಕೆನಡಾದಲ್ಲಿ ಅಂಕಪದ್ಧತಿ ಜಾರಿಗೆ ಬಂದಿತು. ಒಟ್ಟು ನೂರು, ತೇರ್ಗಡೆಗೆ ಐವತ್ತು. ವಿದ್ಯೆ ಮತ್ತು ತರಬೇತಿಗೆ ೨೦, ವೃತ್ತಿಗಿರುವ ಬೇಡಿಕೆಗೆ ೧೫, ಇಂಗ್ಲಿಷು ಮತ್ತು ಫ್ರೆಂಚು ಬಲ್ಲದ್ದಕ್ಕೆ ೧೦, ಹೀಗೆ ಒಂಬತ್ತು ಬಾಬುಗಳು. ಇವುಗಳಲ್ಲಿ ಒಂದು ನನ್ನ ಕುತೂಹಲವನ್ನು ಕೆರಳಿಸಿತು: ಅಭ್ಯರ್ಥಿಯ ಹೊಂದಿಕೊಳ್ಳುವ ಗುಣ, ಉತ್ಸಾಹ ಮುಂತಾದುವನ್ನು ಅಧಿಕಾರಿ ಎದುರಿಗೆ ಕೂಡಿಸಿಕೊಂಡು ನೋಡಿ ೧೫ ಅಂಕದವರೆಗೆ ಕೊಡಬಹುದಾಗಿತ್ತು. ಇಂದಿನ ಪಟ್ಟಿಯಲ್ಲಿ ಅದಿಲ್ಲ. ಪಕ್ಷಪಾತಕ್ಕೆ ಎಡೆಯಾಗುವುದೆಂದು ಅದನ್ನು ಬಿಟ್ಟದ್ದು ನ್ಯಾಯವೇ. ಆದರೆ ಕಾಗದದಲ್ಲಿ ಕಾಣದ ಗುಣವುಳ್ಳವನಿಗೆ ಅದನ್ನು ತೋರಿಸುವ ಸ್ಥಳವೂ ಅದರೊಡನೆ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಕಲ್ಪಿತ ವ್ಯಕ್ತಿಯನ್ನು ತೆಗೆದುಕೊಳ್ಳುತ್ತೇನೆ. ಕೊರಟಗೆರೆಯ ಕಡೆಯ ಹೆಣ್ಣುಮಗಳು, ವಯಸ್ಸು ೨೭, ಅವಿವಾಹಿತೆ, ಬಿ.ಎ. ಆದ ಮೇಲೆ ಬಿ.ಎಡ್. ಮಾಡಿ ಶಿರಾದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮೂರು ವರ್ಷ ಪಾಠ ಹೇಳಿದವಳು. ನಮ್ಮ ಕಲಾ ವಿಭಾಗದವರಲ್ಲಿ ಇಂಥವರು ಎಷ್ಟು ಮಂದಿ ಬೇಕು?

ಕೆನಡಾದ ನುರಿತ ಕೆಲಸಗಾರರ ಯೋಜನೆಯಲ್ಲಿ ಮೊದಲ ಮೆಟ್ಟಿಲು ನೂರಕ್ಕೆ ೬೭. ಎರಡು ಪದವಿಗೆ ೨೨, ಮೂರು ವರ್ಷದ ಅನುಭವಕ್ಕೆ ೧೧, ವಯಸ್ಸಿಗೆ ಪೂರ್ಣ ೧೨, ಒಟ್ಟು ೪೫. ಉಳಿದದ್ದು ಭಾಷೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕು ಭಾಗಗಳಲ್ಲಿಯೂ ೬ ಬಂದರೆ ಅದು ಕೆನಡಾದ ಮಾನದಂಡದಲ್ಲಿ ೭ನೆಯ ಮಟ್ಟ. ಅದಕ್ಕೆ ೧೬ ಅಂಕ. ಮೊತ್ತ ೬೧, ಅನುತ್ತೀರ್ಣ. ಅವಳೇ ಆಲಿಸುವುದರಲ್ಲಿ ೮, ಉಳಿದ ಮೂರರಲ್ಲಿ ೭ ತಂದರೆ ೯ನೆಯ ಮಟ್ಟವಾಗಿ ೨೪ ಅಂಕ. ಮೊತ್ತ ೬೯, ಉತ್ತೀರ್ಣ. ವಿದ್ಯೆ ಅದೇ, ಪಾಠ ಹೇಳಿದ ಮೂರು ವರ್ಷ ಅದೇ; ಬಾಗಿಲನ್ನು ತೆರೆದದ್ದು ಒಂದು ಬೆಳಗಿನ ಪರೀಕ್ಷೆ. (ನಮ್ಮ ಪದವಿಗಳನ್ನು ಅಲ್ಲಿಯ ಪದವಿಗೆ ಸಮವೆಂದು ಒಪ್ಪುವುದು ಬಿಡುವುದು ಬೇರೆ ಸಂಸ್ಥೆಗಳ ಕೈಯಲ್ಲಿದೆ. ಇಲ್ಲಿ ಒಪ್ಪಿದರೆಂದೇ ಇಟ್ಟುಕೊಂಡಿದ್ದೇನೆ.)

ನಮ್ಮ ಜನ ಮೋಸ ಹೋಗುವುದು ಇಲ್ಲಿಯೇ. ನನ್ನ ಸಹಪಾಠಿಯೊಬ್ಬನ ಅಣ್ಣ ಬೆಂಗಳೂರಿನ ಮಧ್ಯವರ್ತಿಯೊಬ್ಬನಿಗೆ ಹಣ ತೆತ್ತ. ‘ನಿಮಗೆ ಅರವತ್ತೇಳು ದಾಟಿದೆ, ಇನ್ನೇನು ಆದಂತೆಯೇ’ ಎಂದು ಆತ ಹೇಳಿದನಂತೆ. ಎರಡು ಮುಂಗಾರು ಕಳೆದರೂ ಏನೂ ಆಗಲಿಲ್ಲ. ಮಧ್ಯವರ್ತಿ ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದ. ಅರವತ್ತೇಳು ಎಂಬುದು ಸರತಿಯಲ್ಲಿ ನಿಲ್ಲುವ ಅರ್ಹತೆ. ೨೦೧೫ರ ಜನವರಿಯಲ್ಲಿ ಕೆನಡಾ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆಯನ್ನು ತಂದ ಮೇಲೆ ಸರತಿಯಲ್ಲಿ ನಿಂತವರನ್ನೆಲ್ಲ ಇನ್ನೊಂದು ಪಟ್ಟಿಯಿಂದ, ೧೨೦೦ ಅಂಕಗಳಿಗೆ, ಮತ್ತೆ ಅಳೆಯುತ್ತಾರೆ. ಮೇಲಿನವರನ್ನು ಮಾತ್ರ ಸುತ್ತುಸುತ್ತಾಗಿ ಕರೆಯುತ್ತಾರೆ. ನಮ್ಮ ಸಿ.ಇ.ಟಿ.ಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ: ಪಾಸಾಗುವುದು ಒಂದು, ಸೀಟು ಸಿಗುವ ರ‍್ಯಾಂಕು ಇನ್ನೊಂದು.

ನಮ್ಮ ಶಿಕ್ಷಕಿಯನ್ನು ಈ ಎರಡನೆಯ ತಕ್ಕಡಿಯಲ್ಲಿಡೋಣ. ವಯಸ್ಸಿಗೆ ೧೧೦, ಎರಡು ಪದವಿಗೆ ೧೨೮. ಭಾಷೆ ೭ನೆಯ ಮಟ್ಟದ್ದಾದರೆ ೬೮. ಇದರ ಮೇಲೆ ‘ವಿದ್ಯೆ ಮತ್ತು ಭಾಷೆ ಕೂಡಿದ್ದಕ್ಕೆ’ ೨೫, ‘ಅನುಭವ ಮತ್ತು ಭಾಷೆ ಕೂಡಿದ್ದಕ್ಕೆ’ ೨೫. ಒಟ್ಟು ೩೫೬. ಭಾಷೆ ೯ನೆಯ ಮಟ್ಟದ್ದಾದರೆ ೬೮ರ ಸ್ಥಾನದಲ್ಲಿ ೧೨೪, ಎರಡು ೨೫ರ ಸ್ಥಾನದಲ್ಲಿ ಎರಡು ೫೦, ಒಟ್ಟು ೪೬೨. ಒಂದೇ ವಿಷಯದಿಂದ ೧೦೬ ಅಂಕದ ಅಂತರ! ಭಾಷೆಯನ್ನು ಒಮ್ಮೆ ಅದಕ್ಕಾಗಿಯೇ ಎಣಿಸಿ, ವಿದ್ಯೆಯ ಹೆಸರಿನಲ್ಲಿ ಮತ್ತೊಮ್ಮೆ ಎಣಿಸಿ, ಅನುಭವದ ಹೆಸರಿನಲ್ಲಿ ಮೂರನೆಯ ಸಲವೂ ಎಣಿಸಿದ್ದಾರೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರಿಗೂ ನಗರದ ಕಾನ್ವೆಂಟಿನಲ್ಲಿ ಓದಿದವರಿಗೂ ಇರುವ ಅಂತರ ಇಲ್ಲಿ ಮೂರು ಪಟ್ಟು ಆಗುತ್ತದೆಂದು ನನ್ನ ಅಭಿಪ್ರಾಯ. ಹಾಗೆಂದು ಇದು ಬರಿಯ ಹಟದ ಮಾತೂ ಅಲ್ಲ. ಪರದೇಶದಿಂದ ತಂದ ಪದವಿಯೂ ಅನುಭವವೂ ಅಲ್ಲಿಯ ಭಾಷೆ ಚೆನ್ನಾಗಿ ಬಾರದವನಿಗೆ ಅಲ್ಲಿಯ ಪೇಟೆಯಲ್ಲಿ ಬೆಲೆ ತರುವುದಿಲ್ಲವೆಂಬ ತರ್ಕ ಇದರ ಹಿಂದಿದೆ. ವೈದ್ಯ ಟ್ಯಾಕ್ಸಿ ಓಡಿಸುವ ಕತೆಗಳು ಹುಟ್ಟುವುದು ಹೀಗೆಯೇ.

೪೬೨ ಬಂದರೆ ಸಾಕೆ? ಸಾಲದು. ೨೦೨೪ರಲ್ಲಿ ನಡೆದ ಸಾಮಾನ್ಯ ಸುತ್ತುಗಳಲ್ಲಿ ಕರೆ ಬಂದವರ ಕನಿಷ್ಠ ಅಂಕ ೫೦೦ನ್ನು ಮೀರಿತ್ತು. ೨೦೨೫ರಲ್ಲಿ ಶಿಕ್ಷಣ ವೃತ್ತಿಗಳಿಗೆಂದೇ ಬೇರೆ ವರ್ಗ ಮಾಡಿ ಮೇ ತಿಂಗಳ ಮೊದಲ ದಿನ ಒಂದು ಸುತ್ತು ನಡೆಸಿದರು; ಅದರ ಕನಿಷ್ಠ ೪೭೯. ನಮ್ಮ ಶಿಕ್ಷಕಿಗೆ ಇನ್ನೂ ೧೭ ಕಡಮೆ. ಪ್ರಾಂತ ಸರ್ಕಾರವೊಂದು ಹೆಸರು ಸೂಚಿಸಿದರೆ ಒಂದೇ ಏಟಿಗೆ ೬೦೦ ಸೇರುವುದುಂಟು. ಫ್ರೆಂಚು ಬಲ್ಲವರ ಸುತ್ತಿನಲ್ಲಿ ೨೦೨೪ರ ಫೆಬ್ರವರಿಯಲ್ಲಿ ೩೩೬ಕ್ಕೇ ಕರೆ ಬಂದದ್ದೂ ಉಂಟು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಫ್ರೆಂಚು ಕಲಿಯಲು ಹೊರಟವರು ಯಾರಿಗಾದರೂ ಸಿಕ್ಕಿದರೆ ಸಂಪಾದಕರಿಗೆ ತಿಳಿಸಬಹುದು! ಇತ್ತ ಕಾಯುತ್ತ ಕುಳಿತರೆ ವಯಸ್ಸು ಕಾಯುವುದಿಲ್ಲ. ೨೯ರವರೆಗೆ ೧೧೦ ಇದ್ದದ್ದು ೩೫ಕ್ಕೆ ೭೭, ೪೦ಕ್ಕೆ ೫೦, ೪೫ಕ್ಕೆ ಸೊನ್ನೆ. ಯೌವನದ ವಲಸೆಗಾರ ಹೆಚ್ಚು ವರ್ಷ ದುಡಿದು ಹೆಚ್ಚು ವರ್ಷ ತೆರಿಗೆ ಕಟ್ಟುತ್ತಾನೆಂಬ ಲೆಕ್ಕ ಇದು. ಅವನನ್ನು ಸಾಕಿ, ಓದಿಸಿದ ಖರ್ಚು ಯಾರ ಮೇಲೆ ಬಿತ್ತೆಂಬ ಕಲಮು ಮಾತ್ರ ಆ ಪಟ್ಟಿಯಲ್ಲಿಲ್ಲ. ನಮ್ಮ ಕಾಲೇಜಿನಂಥ ಸರ್ಕಾರಿ ಕಾಲೇಜುಗಳ ಖರ್ಚೂ ಅದರಲ್ಲಿ ಸೇರಿತೆಂಬುದನ್ನು ಹೇಳಬೇಕಾಗಿಲ್ಲ.

ಹಣಕ್ಕೆ ಅಂಕವಿಲ್ಲ. ಆದರೆ ಬಾಗಿಲಲ್ಲಿ ಅದನ್ನು ಕೇಳುತ್ತಾರೆ. ಹೊರಗಿನಿಂದ ಬರುವ ಒಂಟಿ ಅಭ್ಯರ್ಥಿ ತನ್ನ ಲೆಕ್ಕದಲ್ಲಿ ೧೫ ಸಾವಿರ ಕೆನಡಾ ಡಾಲರುಗಳಷ್ಟು ಹಣವಿದೆಯೆಂದು ೨೦೨೫ರಲ್ಲಿ ತೋರಿಸಬೇಕಾಗಿತ್ತು. ಅದು ಒಂಬತ್ತು ಲಕ್ಷ ರೂಪಾಯಿಗಿಂತ ಕಡಮೆಯಲ್ಲ. ಪಾವಗಡದ ತಿರುಮಣಿಯ ಸುತ್ತಿನ ೨,೦೫೦ ಮೆಗಾವಾಟ್ ಸೌರ ಉದ್ಯಾನಕ್ಕೆ ಭೂಮಿಯನ್ನು ಗುತ್ತಿಗೆ ಕೊಟ್ಟ ರೈತರಿಗೆ ಮೊದಲಲ್ಲಿ ಗೊತ್ತಾದ ದರ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಆ ದರದಲ್ಲಿ ಒಂದು ಎಕರೆಯ ಗುತ್ತಿಗೆಯನ್ನು ಪೈಸೆ ಮುಟ್ಟದೆ ಕೂಡಿಟ್ಟರೆ ಒಂಬತ್ತು ಲಕ್ಷವಾಗಲು ನಲವತ್ತೆರಡು ವರ್ಷ ಮೀರುತ್ತದೆ.

ಇನ್ನು ಆಸ್ಟ್ರೇಲಿಯಾ. ಕನಿಷ್ಠ ೬೫, ಇಲ್ಲಿಯೂ ಕನಿಷ್ಠ ಬಂದವರಲ್ಲಿ ಮೇಲಿನವರಿಗೇ ಕರೆ. ವೃತ್ತಿ ಅವರ ಪಟ್ಟಿಯಲ್ಲಿರಬೇಕು, ವಯಸ್ಸು ೪೫ರೊಳಗಿರಬೇಕು. ೨೫ರಿಂದ ೩೨ರ ವಯಸ್ಸಿಗೆ ೩೦, ಪದವಿಗೆ ೧೫, ಇಂಗ್ಲಿಷು ಎರಡನೆಯ ದರ್ಜೆಯದಾದರೆ ೧೦, ಮೂರು ವರ್ಷದ ಅನುಭವಕ್ಕೆ ೫, ಅವಿವಾಹಿತರಿಗೆ ೧೦. ನಮ್ಮ ಶಿಕ್ಷಕಿಗೆ ೭೦ ಆಯಿತು.

ಇಲ್ಲಿ ನನ್ನನ್ನು ಬೆರಗುಗೊಳಿಸಿದ ಒಂದು ಬಾಬು ಇದೆ. ಆಸ್ಟ್ರೇಲಿಯಾದಲ್ಲಿ ನೆಲಸಿದ ಜನಸಮುದಾಯಗಳ ಭಾಷೆಯೊಂದನ್ನು ಬಲ್ಲವರಿಗೆ ೫ ಅಂಕ ಸಲ್ಲುತ್ತದೆ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸೇರಿದೆ. ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ನಮ್ಮಂಥವರನ್ನು ತಡೆದ ದೇಶವೇ ಈಗ ಕನ್ನಡದಲ್ಲಿ ಪರೀಕ್ಷೆ ಇಟ್ಟು ಅಂಕ ಕೊಡುತ್ತಿದೆ! ೭೦ ಇದ್ದದ್ದು ೭೫ ಆಗುತ್ತದೆ. ನ್ಯಾಟಿ ಎಂಬ ಸಂಸ್ಥೆ ಈ ಪರೀಕ್ಷೆಯನ್ನು ನಡೆಸುತ್ತದೆ. ಪಟ್ಟಿಯಲ್ಲಿ ತೆಲುಗೂ ಉಂಟು. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ನಮ್ಮ ಗೆಳೆಯರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು. ಎರಡೂ ಬಲ್ಲೆವೆಂದು ಹತ್ತು ಅಂಕ ಕೇಳಿದರೆ ಮಾತ್ರ ಸಿಗದು. ಎಷ್ಟು ಭಾಷೆ ಬಂದರೂ ಐದೇ.

ಪರೀಕ್ಷೆಯ ರೀತಿ ಹೀಗೆ. ಇಂಗ್ಲಿಷು ಮಾತ್ರ ಬಲ್ಲವನೊಬ್ಬ, ಕನ್ನಡ ಮಾತ್ರ ಬಲ್ಲವನೊಬ್ಬ ಮಾತನಾಡುವ ಎರಡು ಸಂಭಾಷಣೆಗಳನ್ನು ಕೇಳಿಸುತ್ತಾರೆ. ಒಂದೊಂದರಲ್ಲಿ ಸುಮಾರು ೩೦೦ ಪದ. ಹೆಚ್ಚೆಂದರೆ ೩೫ ಪದದ ತುಂಡುಗಳು. ಒಂದೊಂದು ತುಂಡು ಮುಗಿದ ಕೂಡಲೆ ಕನ್ನಡದ್ದನ್ನು ಇಂಗ್ಲಿಷಿಗೆ, ಇಂಗ್ಲಿಷಿನದನ್ನು ಕನ್ನಡಕ್ಕೆ ಬಾಯಿಂದ ಹೇಳಬೇಕು. ವಿಷಯ ಆಸ್ಪತ್ರೆ, ಬ್ಯಾಂಕು, ಶಾಲೆ, ಕಾನೂನು, ವಿಮೆ ಮುಂತಾದುವು. ತಪ್ಪಿಗೆ ಅಂಕ ಕಳೆಯುತ್ತ ಹೋಗಿ ೯೦ಕ್ಕೆ ೬೩ ಉಳಿದರೆ, ಎರಡರಲ್ಲಿ ಒಂದೊಂದರಲ್ಲೂ ೪೫ಕ್ಕೆ ೨೯ ಇದ್ದರೆ, ತೇರ್ಗಡೆ. ನಗರದಲ್ಲಿ ಬೆಳೆದು ಮನೆಮಾತಿನಷ್ಟೇ ಕನ್ನಡ ಬಲ್ಲವರು ‘ಜಾಮೀನು’, ‘ರಕ್ತದೊತ್ತಡ’, ‘ಕಂತು’ ಎಂಬಲ್ಲಿ ತಡವರಿಸುವ ಸಂಭವ ಹೆಚ್ಚು. ನಮ್ಮವರಿಗೆ ತೊಡಕಾಗುವುದು ಇಂಗ್ಲಿಷಿನ ತುಂಡುಗಳು. ಕೇಳಿಸದಿದ್ದರೆ ಒಂದು ಸಂಭಾಷಣೆಗೆ ಒಂದು ಸಲ ಮಾತ್ರ ಅಂಕ ಕಳೆಯದೆ ಮತ್ತೆ ಕೇಳಿಸುತ್ತಾರೆ.